ತಮಾನ್ಯಾನ್ ಹೆಸರಲ್ಲಿ

1918ರ ಮೇ 28ಕ್ಕೆ ಅರ್ಮೇನಿಯ ಸ್ವತಂತ್ರ ದೇಶ ಅಂತ ಘೋಷಣೆ ಆಯಿತು. ತಮಾಷೆ ಅಂದರೆ, ಆ ಘೋಷಣೆ ಹೊರಬಿದ್ದದ್ದು ಅರ್ಮೇನಿಯದ ನೆಲದಿಂದಲ್ಲ. ಪಕ್ಕದ ಜಾರ್ಜಿಯಾದ, ಈಗ ಟಿಬಿಲಿಸಿ ಅನ್ನುವ ಟಿಫ್ಲಿಸ್‌ನಿಂದ. ಅರ್ಮೇನಿಯನ್ನರ ಶ್ರೀಮಂತರು, ಪತ್ರಿಕೆಗಳು, ನಾಟಕ ಮಂದಿರಗಳು, ರಾಜಕೀಯ ಪಕ್ಷದವರು ಎಲ್ಲ ಇದ್ದದ್ದು ಅಲ್ಲೇ. ಹೊಸ ಸರ್ಕಾರ ಕೆಲವು ವಾರಗಳ ನಂತರ ಗಂಟುಮೂಟೆ ಕಟ್ಟಿಕೊಂಡು ಯೆರೆವಾನ್‌ಗೆ ಬಂತು. ಬಂದು ನೋಡಿದರೆ ಧೂಳು ತುಂಬಿದ ಒಂದು ಜಿಲ್ಲಾ ಪಟ್ಟಣ. ಆ ಪಟ್ಟಣವನ್ನು ರಾಜಧಾನಿ ಮಾಡುವ ನಕ್ಷೆ ಎಳೆದ ವಾಸ್ತುಶಿಲ್ಪಿ ಅಲೆಕ್ಸಾಂಡರ್ ತಮಾನ್ಯಾನ್, ಈ ಬರಹ ಅವರ ಬಗ್ಗೆ.

ಯೆರೆವಾನ್‌ನ ಚರಿತ್ರೆ ಏನೂ ಚಿಕ್ಕದಲ್ಲ. ಕ್ರಿಸ್ತಪೂರ್ವ 782ರಲ್ಲಿ ಅರ್ಗಿಷ್ಟಿ ಅನ್ನುವ ರಾಜ ಇಲ್ಲಿ ಎರೆಬುನಿ ಕೋಟೆ ಕಟ್ಟಿಸಿದ. ಅವನು ಕೆತ್ತಿಸಿದ ಶಾಸನವೇ ಸಿಕ್ಕಿದೆ. ಆದರೆ ಆ ಶಾಸನ ಸಿಕ್ಕಿದ್ದು 1950ರಲ್ಲಿ. 1918ರ ಮಂದಿಗೆ ಕಾಣುತ್ತಿದ್ದದ್ದು ಬೇರೆ ಊರು. 1679ರ ಭೂಕಂಪದಲ್ಲಿ ಬಹಳಷ್ಟು ಉರುಳಿಹೋಗಿತ್ತು. ಆಮೇಲೆ ಪರ್ಷಿಯಾದ ಕೈಕೆಳಗಿನ ಖಾನರು ಆಳಿದರು. 1827ರಲ್ಲಿ ರಷ್ಯನ್ನರು ಕೋಟೆ ಹಿಡಿದರು. ಅವರು ಒಂದಷ್ಟು ನೇರ ರಸ್ತೆ ಎಳೆದರು, ಕಪ್ಪು ಕಲ್ಲಿನ ಮನೆಗಳು ಎದ್ದವು. 1906ರಲ್ಲಿ ಕುದುರೆ ಎಳೆಯುವ ಟ್ರಾಮ್ ಬಂತು. ಉಳಿದದ್ದೆಲ್ಲ ಮಣ್ಣಿನ ಗೋಡೆ, ಏಪ್ರಿಕಾಟ್ ತೋಟ, ದ್ರಾಕ್ಷಿ ತೋಟ, ನಡುವೆ ಮಸೀದಿಗಳು, ಚರ್ಚುಗಳು. ಮೊದಲ ಮಹಾಯುದ್ಧಕ್ಕೆ ಮುಂಚೆ ಜನಸಂಖ್ಯೆ 30 ಸಾವಿರದ ಆಸುಪಾಸು.

1915ರಲ್ಲಿ ಒಟ್ಟೊಮನ್ ತುರ್ಕಿಯಲ್ಲಿ ಅರ್ಮೇನಿಯನ್ನರ ನರಮೇಧ ನಡೆದ ಮೇಲೆ ಅಲ್ಲಿಂದ ಜೀವ ಉಳಿಸಿಕೊಂಡು ಬಂದವರು ಈ ಸಣ್ಣ ಊರಿನ ಮೇಲೆ ಬಿದ್ದರು. ಬೇರೆ ದಾರಿ ಏನಿತ್ತು ಅವರಿಗೆ? ಶಾಲೆ, ಉಗ್ರಾಣ, ಖಾಲಿ ಮಸೀದಿ, ಎಲ್ಲಿ ಚಾವಣಿ ಇತ್ತೋ ಅಲ್ಲಿ ಸಂಸಾರ. 1918-19ರ ಚಳಿಗಾಲದಲ್ಲಿ ಹಸಿವು, ಟೈಫಸ್ ಜ್ವರ ಸೇರಿ ಬೀದಿಯಲ್ಲೇ ಜನ ಸತ್ತರು. ಇದು ಹೊಸ ದೇಶದ ರಾಜಧಾನಿ.

ಅರ್ಮೇನಿಯನ್ನರಿಗೆ ಪಟ್ಟಣದ ಬದುಕು ಗೊತ್ತಿರಲಿಲ್ಲ ಅಂತಲ್ಲ. ಇಸ್ತಾಂಬುಲ್, ಟಿಫ್ಲಿಸ್, ಬಾಕು ಎಲ್ಲ ಕಡೆ ಅವರದ್ದೇ ಬೀದಿಗಳಿದ್ದವು. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಮದ್ರಾಸನ್ನೇ ನೋಡಿ. ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ 1794ರಲ್ಲಿ ಹೊರಬಂದದ್ದು ಮದ್ರಾಸಿನಲ್ಲಿ. ಅದಕ್ಕೂ ಮುಂಚೆ, ಮುಂದೆಂದೋ ಹುಟ್ಟಬೇಕಿದ್ದ ಅರ್ಮೇನಿಯ ದೇಶಕ್ಕೆ ಸಂವಿಧಾನದ ಕರಡು ಬರೆದು ಅಚ್ಚು ಹಾಕಿಸಿದ್ದೂ ಅಲ್ಲಿನ ವ್ಯಾಪಾರಿಗಳೇ. ಬೇರೆಯವರ ಊರುಗಳನ್ನು ಚಂದ ಮಾಡಿ, ತಮ್ಮದು ಅನ್ನುವ ಊರಿಲ್ಲದೆ ಉಳಿದ ಜನ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳದಿದ್ದರೆ ಅಲೆಕ್ಸಾಂಡರ್ ತಮಾನ್ಯಾನ್ ಮಾಡಿದ ಕೆಲಸದ ತೂಕ ಗೊತ್ತಾಗುವುದಿಲ್ಲ.

ತಮಾನ್ಯಾನ್ ಕೂಡ ಹಾಗೆ ಹೊರಗೆ ಬೆಳೆದವರೇ. ಹುಟ್ಟಿದ್ದು 1878ರಲ್ಲಿ, ರಷ್ಯಾದ ಯೆಕತೆರಿನೊದಾರ್‌ನಲ್ಲಿ. ಈಗ ಅದನ್ನು ಕ್ರಾಸ್ನೊದಾರ್ ಅನ್ನುತ್ತಾರೆ. ಓದಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನ ಕಲಾ ಅಕಾಡೆಮಿಯಲ್ಲಿ, 1904ರಲ್ಲಿ ಹೊರಬಂದರು. ಆಮೇಲೆ ಶ್ರೀಮಂತರಿಗೆ ಬಂಗಲೆ ಕಟ್ಟಿದರು. ಮಾಸ್ಕೋದಲ್ಲಿ ಶೆರ್ಬಾತೊವ್ ಅನ್ನುವ ರಾಜಮನೆತನದವರಿಗೆ ಕಟ್ಟಿದ ಮನೆ ಒಳ್ಳೆ ಹೆಸರು ತಂದಿತು. ಹಳೆ ಗ್ರೀಕ್-ರೋಮನ್ ಶೈಲಿಯನ್ನು ಹೊಸ ಕಾಲಕ್ಕೆ ಒಗ್ಗಿಸುವುದು ಅವರ ಕೈಚಳಕ. ಅದರ ಜೊತೆಗೆ ಮಾಸ್ಕೋ ಹತ್ತಿರ ರೈಲ್ವೆ ನೌಕರರಿಗಾಗಿ ಒಂದು ಉದ್ಯಾನ ಬಡಾವಣೆಯ ನಕ್ಷೆಯನ್ನೂ ಮಾಡಿದ್ದರು. ಆಗ ಇಂಗ್ಲೆಂಡಿನಿಂದ ಹೊರಟ ‘ಉದ್ಯಾನ ನಗರ’ದ ವಿಚಾರ ಎಲ್ಲ ಕಡೆ ಓಡಾಡುತ್ತಿತ್ತು. ಈ ಚಿಕ್ಕ ಕೆಲಸವೇ ಮುಂದೆ ಕೈಹಿಡಿಯಿತು ಅನ್ನಿಸುತ್ತದೆ ನನಗೆ. ಬಂಗಲೆ ಕಟ್ಟುವವನಿಗೆ ಊರು ಕಟ್ಟುವುದು ತನ್ನಷ್ಟಕ್ಕೆ ಬರುವುದಿಲ್ಲ.

1919ರಲ್ಲಿ ಅವರು ಅರ್ಮೇನಿಯಕ್ಕೆ ಬಂದರು. ಪೀಟರ್ಸ್‌ಬರ್ಗ್ ಅಕಾಡೆಮಿಯ ದೊಡ್ಡ ಹುದ್ದೆಯಲ್ಲಿದ್ದವರು ಈ ಹಸಿವಿನ ಊರಿಗೆ. ದೇಶದ ಲಾಂಛನವನ್ನು ಕಲಾವಿದ ಹಕೋಬ್ ಕೊಜೊಯಾನ್ ಜೊತೆ ಸೇರಿ ರೂಪಿಸಿದರು, ಯೆರೆವಾನ್ ನಕ್ಷೆಗೂ ಕೈ ಹಾಕಿದರು. ಅಷ್ಟರಲ್ಲಿ 1920ರ ಕೊನೆಗೆ ಬೋಲ್ಶೆವಿಕರು ಅಧಿಕಾರ ಹಿಡಿದರು. ದೇಶ ಹೋಯಿತು, ಸೋವಿಯತ್ ಗಣರಾಜ್ಯ ಆಯಿತು. ತಮಾನ್ಯಾನ್ ಇರಾನಿನ ತಬ್ರೀಜ್‌ಗೆ ಹೊರಟುಹೋದರು. 1923ರಲ್ಲಿ ಸೋವಿಯತ್ ಅರ್ಮೇನಿಯದ ಸರ್ಕಾರ ಕರೆಸಿಕೊಂಡ ಮೇಲೆ ವಾಪಸ್ ಬಂದರು. ಮೊದಲು ಸ್ವತಂತ್ರ ದೇಶಕ್ಕೆ ಲಾಂಛನ, ಆಮೇಲೆ ಅದನ್ನು ಮುಗಿಸಿದವರ ಆಹ್ವಾನದ ಮೇಲೆ ರಾಜಧಾನಿ. ಇದನ್ನು ಅವಕಾಶವಾದ ಅನ್ನುವವರೂ ಇರಬಹುದು. ನನಗೆ ಹಾಗನ್ನಿಸಲಿಲ್ಲ. ಸರ್ಕಾರ ಯಾರದ್ದೇ ಇರಲಿ, ಆ ಊರಿಗೆ ಚರಂಡಿ ಬೇಕಿತ್ತು.

ನಾನು ಈ ಮನುಷ್ಯನ ಬೆನ್ನು ಹತ್ತಿದ್ದು ಅಕ್ಕನ ಮಗಳ ದೆಸೆಯಿಂದ. ಅವಳು ಯೆರೆವಾನ್‌ನಲ್ಲಿ ಮೆಡಿಕಲ್ ಓದುತ್ತಾಳೆ. ನಮ್ಮ ದೇಶದ ಬಹಳ ಹುಡುಗರು ಅಲ್ಲಿದ್ದಾರೆ, ನಮ್ಮ ಕಡೆಯವರೂ ಸಿಗುತ್ತಾರೆ. ಅವಳನ್ನು ನೋಡಿಕೊಂಡು ಬರೋಣ ಅಂತ ಹೋದವನು ನಾನು. ಹೋಗುವ ಮುಂಚೆ ಫೋನಿನಲ್ಲಿ ಮ್ಯಾಪ್ ತೆಗೆದು ನೋಡಿದೆ. ಊರಿನ ಮಧ್ಯಭಾಗ ಕಂಪಾಸ್ ಇಟ್ಟು ಎಳೆದ ಹಾಗೆ ದುಂಡಗಿದೆ. ವೃತ್ತಿಯಿಂದ ನಾನು ಡ್ರಾಯಿಂಗ್ ಆಫೀಸಿನವನು, ಬೇರೆಯವರು ಕೊಟ್ಟ ಅಳತೆಗೆ ಗೆರೆ ಎಳೆಯುವವನು. ಹಾಗಾಗಿ ಇಷ್ಟು ಸ್ಪಷ್ಟವಾದ ಗೆರೆ ಕಂಡರೆ ಯಾರು ಎಳೆದದ್ದು ಅಂತ ಕೇಳದೆ ಇರಲಾಗುವುದಿಲ್ಲ.

ಆ ಗೆರೆ 1924ರದ್ದು. ಆ ವರ್ಷ ಒಪ್ಪಿಗೆ ಪಡೆದ ನಕ್ಷೆಯಲ್ಲಿ ತಮಾನ್ಯಾನ್ 1.5 ಲಕ್ಷ ಜನರಿಗೆ ಊರು ಹಾಕಿದ್ದರು. ಎರಡು ವರ್ಷದ ನಂತರ ಜನಗಣತಿ ಮಾಡಿದಾಗಲೂ ಅಲ್ಲಿ ಇದ್ದದ್ದು ಸುಮಾರು 65 ಸಾವಿರ. ಅಂದರೆ ಇದ್ದವರ ಎರಡರಷ್ಟಕ್ಕಿಂತ ಜಾಸ್ತಿ ಜನಕ್ಕೆ ಜಾಗ. ಒಂದೇ ಕೋಣೆಯಲ್ಲಿ ಎರಡು ಮೂರು ಸಂಸಾರ ಇದ್ದವರಿಗೆ, ಅಪೆರಾ ಮಂದಿರ, ಅಗಲ ರಸ್ತೆ, ಊರ ಸುತ್ತ ಪಾರ್ಕು ಅಂದರೆ ಹೇಗೆ ಕೇಳಿಸಿರಬೇಕು!

ನಕ್ಷೆಯ ಲೆಕ್ಕ ಹೀಗಿದೆ. ಮಧ್ಯದಲ್ಲಿ ಸರ್ಕಾರದ ಚೌಕ, ಈಗಿನ ರಿಪಬ್ಲಿಕ್ ಸ್ಕ್ವೇರ್. ಅದರ ಉತ್ತರಕ್ಕೆ ಅಪೆರಾ, ಅದು ಹಾಡು-ನಾಟಕದ ಕೇಂದ್ರ. ಈ ಎರಡನ್ನೂ ಸೇರಿಸಲು ಓರೆಯಾಗಿ ಒಂದು ನೇರ ರಸ್ತೆ, ಉತ್ತರದ ಅವೆನ್ಯೂ. ಓದುವವರಿಗೊಂದು ಭಾಗ, ಕಾರ್ಖಾನೆಗಳು ದಕ್ಷಿಣಕ್ಕೆ. ಇವೆಲ್ಲದರ ಸುತ್ತ ಮರಗಳ ಬುಲೆವಾರ್ಡ್. ಆ ಸುತ್ತು ಪೂರ್ತಿ ಆಗಲಿಲ್ಲ. ಪಶ್ಚಿಮಕ್ಕೆ ಹ್ರಜ್ದಾನ್ ನದಿಯ ಕಮರಿ, ಕೊಂಡ್ ಗುಡ್ಡ ಅಡ್ಡ ಇವೆ. ರಷ್ಯನ್ನರು ಎಳೆದಿದ್ದ ಹಳೆ ನೇರ ರಸ್ತೆಗಳನ್ನು ಅವರು ಅಳಿಸಲಿಲ್ಲ, ಅವುಗಳ ಮೇಲೇ ತಮ್ಮ ವೃತ್ತ ಕೂರಿಸಿದರು. ಇವತ್ತಿಗೂ ಅಬೊವ್ಯಾನ್ ಬೀದಿಯಲ್ಲಿ ನಡೆದರೆ ನೀವು ನಡೆಯುವುದು ಹತ್ತೊಂಬತ್ತನೇ ಶತಮಾನದ ರಸ್ತೆಯಲ್ಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಊರಿನ ಮುಖ. ಯೆರೆವಾನ್ ಇರುವುದು ಇಳಿಜಾರಿನಲ್ಲಿ. ಉತ್ತರ, ಪೂರ್ವಕ್ಕೆ ಎತ್ತರದ ಗುಡ್ಡ, ದಕ್ಷಿಣಕ್ಕೆ ತೆರೆದ ಬಯಲು. ಆ ಬಯಲಿನ ಆಚೆ ಅರಾರತ್ ಪರ್ವತ, 5,137 ಮೀಟರ್ ಎತ್ತರ, ತಲೆ ತುಂಬ ಹಿಮ. ಅರ್ಮೇನಿಯನ್ನರ ಮನೆದೇವರು ಇದ್ದ ಹಾಗೆ ಅದು. ಬ್ರಾಂಡಿ ಬಾಟಲಿಯಿಂದ ಹಿಡಿದು ದೇಶದ ಲಾಂಛನದವರೆಗೆ ಎಲ್ಲದರ ಮೇಲೂ ಇದೆ. ಆದರೆ ಇರುವುದು ಗಡಿಯಾಚೆ ತುರ್ಕಿಯಲ್ಲಿ, ಗಡಿ ಮುಚ್ಚಿದೆ. ತಮಾನ್ಯಾನ್ ಇಡೀ ಊರನ್ನು ಆ ಪರ್ವತದ ಕಡೆ ಮುಖ ಮಾಡಿ ಕೂರಿಸಿದರು. ಹೋಗಲಾಗದ ಜಾಗವನ್ನು ದಿನಾ ನೋಡುವ ಹಾಗೆ ಊರು ಕಟ್ಟುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ತೀರ್ಮಾನ ಆಗಿಲ್ಲ. ಆದರೆ ಬೆಳಿಗ್ಗೆ ಮೋಡ ಸರಿದು ಅದು ಕಂಡಾಗ ಬಸ್ಸಿಗೆ ಕಾಯುವವರೂ ಒಂದು ಕ್ಷಣ ಆ ಕಡೆ ತಿರುಗುತ್ತಾರೆ.

ಇನ್ನು ಕಲ್ಲು. ಯೆರೆವಾನ್ ಕಟ್ಟಡಗಳದ್ದು ಟಫ್ ಅನ್ನುವ ಕಲ್ಲು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಹಗುರ, ಗರಗಸದಲ್ಲಿ ಕೊಯ್ಯಬಹುದು, ಸಣ್ಣ ಕೆತ್ತನೆಗೂ ಬಗ್ಗುತ್ತದೆ. ಆರ್ತಿಕ್ ಕಡೆಯದ್ದು ನಸುಗೆಂಪು, ಆನಿ ಕಡೆಯದ್ದು ಹಳದಿ ಮಿಶ್ರ ಕಿತ್ತಳೆ, ಇನ್ನು ಕೆಲವು ಕಪ್ಪು. ಅರ್ಮೇನಿಯದ ಹಳೆ ಚರ್ಚುಗಳೆಲ್ಲ ಇದರದ್ದೇ. ಎರಡು ಬದಿಗೆ ನಯಗೊಳಿಸಿದ ಕಲ್ಲು ನಿಲ್ಲಿಸಿ ನಡುವೆ ಗಾರೆ, ಕಲ್ಲುಚೂರು ತುಂಬುವ ಹಳೆ ಪದ್ಧತಿ ಒಂದಿದೆ, ಮಿಡಿಸ್ ಅನ್ನುತ್ತಾರೆ. ಹಳ್ಳಿ ಚರ್ಚಿನ ಈ ಕಲ್ಲು, ಈ ಕೈಕೆಲಸವನ್ನು ತಮಾನ್ಯಾನ್ ಸರ್ಕಾರಿ ಕಚೇರಿಗೆ ತಂದರು. 1926ರಲ್ಲಿ ಶುರುವಾದ ಸರ್ಕಾರಿ ಭವನದ ಮುಂದೆ ನಿಂತರೆ ಕಮಾನುಗಳು ರೋಮ್‌ನವು ಅನ್ನಿಸುತ್ತವೆ. ಹತ್ತಿರ ಹೋದರೆ ಕಂಬದ ತಲೆಯಲ್ಲಿ ದ್ರಾಕ್ಷಿ ಗೊಂಚಲು, ಹದ್ದು. ಏಳನೇ ಶತಮಾನದ ಜ್ವಾರ್ತ್‌ನೊಟ್ಸ್ ಚರ್ಚಿನ ಅವಶೇಷಗಳಲ್ಲಿ ಇರುವಂಥವೇ. ಪೀಟರ್ಸ್‌ಬರ್ಗ್‌ನಲ್ಲಿ ಕಲಿತ ವಿದ್ಯೆ ಮತ್ತು ಅಗೆದು ತೆಗೆದ ಅಜ್ಜಂದಿರ ಕೆತ್ತನೆ ಎರಡೂ ಒಂದೇ ಗೋಡೆಯಲ್ಲಿ. ಅವರು ತೀರಿಕೊಂಡ ಮೇಲೆ ಮಗ ಗೆವೋರ್ಗ್ ಆ ಕಟ್ಟಡವನ್ನು ಮುಗಿಸಿದರು. 1942ರಲ್ಲಿ ಅದಕ್ಕೆ ಸ್ಟಾಲಿನ್ ಬಹುಮಾನವೂ ಬಂತು, ತಂದೆಯ ಹೆಸರಿಗೆ.

ಅಪೆರಾ ಮಂದಿರದ ಕತೆ ಇನ್ನೂ ಉದ್ದ. ಅಡಿಗಲ್ಲು 1930ರಲ್ಲಿ, ಪೂರ್ತಿಯಾದದ್ದು 1953ರಲ್ಲಿ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಭಾಂಗಣ, ಒಂದು ಅಪೆರಾಕ್ಕೆ, ಇನ್ನೊಂದು ಸಂಗೀತ ಕಚೇರಿಗೆ. ಇದರ ವಿನ್ಯಾಸಕ್ಕೆ 1937ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಬಹುಮಾನ ಸಿಕ್ಕಿತು. ಆದರೆ ಆಗ ತಮಾನ್ಯಾನ್ ಬದುಕಿರಲಿಲ್ಲ. 1936ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ಈ ಕಟ್ಟಡಕ್ಕೆ ಜಾಗ ಬಿಡಲು ಒಂದು ಚಿಕ್ಕ ಹಳೆ ಚರ್ಚು ಹೋಯಿತು, ಗೆತ್ಸೆಮನಿ. ಇಲ್ಲಿಂದ ಕತೆ ಸ್ವಲ್ಪ ಕಹಿ.

ತಮಾನ್ಯಾನ್ ಅರ್ಮೇನಿಯದ ಹಳೆ ಸ್ಮಾರಕಗಳನ್ನು ಕಾಪಾಡುವ ಸಮಿತಿಗೂ ಮುಖ್ಯಸ್ಥರಾಗಿದ್ದರು. ಅದೇ ಕೈಯಲ್ಲಿ ಹಳೆ ಊರನ್ನು ಕತ್ತರಿಸುವ ಗೆರೆಗಳನ್ನೂ ಎಳೆದರು. ಚರ್ಚು ಕೆಡವುವುದು ಆಗಿನ ಸರ್ಕಾರದ ಹಟವಾಗಿತ್ತು, ಅದನ್ನೆಲ್ಲ ಅವರ ತಲೆಗೆ ಕಟ್ಟಲಾಗದು. ಪೌಲ-ಪೇತ್ರರ ಚರ್ಚನ್ನು 1930ರ ಹೊತ್ತಿಗೆ ಕೆಡವಿ ಆ ಜಾಗದಲ್ಲಿ ಸಿನಿಮಾ ಥಿಯೇಟರ್ ಕಟ್ಟಿದರು. 1936ರಲ್ಲಿ ಅಬೊವ್ಯಾನ್ ಬೀದಿಯ ಕತೋಘಿಕೆ ಚರ್ಚನ್ನು ಕೆಡವುತ್ತಿದ್ದಾಗ ಒಳಗಿನಿಂದ ಹದಿಮೂರನೇ ಶತಮಾನದ ಪುಟ್ಟ ಗುಡಿಯೊಂದು ಹೊರಬಂತು. ವಿದ್ವಾಂಸರು ಅಡ್ಡ ನಿಂತಿದ್ದರಿಂದ ಅದು ಉಳಿಯಿತು. ಖಾನರ ಕೋಟೆ, ಅರಮನೆ ಪೂರಾ ಹೋದವು. ಯುದ್ಧಕ್ಕೆ ಮುಂಚೆ ಊರಿನಲ್ಲಿ ಮುಸ್ಲಿಮರು ಹೆಚ್ಚುಕಡಿಮೆ ಅರ್ಧದಷ್ಟಿದ್ದರು, ಅವರ ಗುರುತುಗಳು ಒಂದೊಂದಾಗಿ ಅಳಿದವು. ಹದಿನೆಂಟನೇ ಶತಮಾನದ ನೀಲಿ ಮಸೀದಿ ಮಾತ್ರ ಸೋವಿಯತ್ ಕಾಲದಲ್ಲಿ ಮ್ಯೂಸಿಯಂ ಆಗಿ ಬದುಕಿಕೊಂಡಿತು. ಅರ್ಮೇನಿಯನ್ನರಿಗೆ ಅರ್ಮೇನಿಯನ್ ರಾಜಧಾನಿ ಸಿಕ್ಕಿತು, ಸರಿ. ಆದರೆ ಅದಕ್ಕೆ ಮುಂಚೆ ಅಲ್ಲಿ ಇನ್ನೊಂದು ಮಿಶ್ರ ಊರು ಇತ್ತು ಅನ್ನುವುದನ್ನು ಗುಲಾಬಿ ಕಲ್ಲಿನ ಪೋಸ್ಟ್‌ಕಾರ್ಡುಗಳು ಹೇಳುವುದಿಲ್ಲ.

ಆಗಲೂ ತಮಾನ್ಯಾನ್ ಅವರಿಗೆ ವಿರೋಧಿಗಳಿದ್ದರು. ಹಳೆ ಊರಿನ ಪರ ಮಾತಾಡುವವರಲ್ಲ, ಉಲ್ಟಾ ಕಡೆಯವರು. 1920ರ ದಶಕದ ಕೊನೆಯಲ್ಲಿ ಕಾರೊ ಹಲಬ್ಯಾನ್, ಮಿಕಾಯೆಲ್ ಮಜ್ಮನ್ಯಾನ್, ಗೆವೋರ್ಗ್ ಕೊಚಾರ್ ಮೊದಲಾದ ಹುಡುಗರು ತಮ್ಮನ್ನು ಶ್ರಮಿಕರ ವಾಸ್ತುಶಿಲ್ಪಿಗಳು ಅಂತ ಕರೆದುಕೊಂಡರು. ಕಮಾನು, ದ್ರಾಕ್ಷಿ ಗೊಂಚಲು ಎಲ್ಲ ಹಳೆ ಕಾಲದ ಶೋಕಿ, ಕಾರ್ಮಿಕನಿಗೆ ಬೇಕಿರುವುದು ಗಾಳಿ ಬೆಳಕಿನ ಸಾದಾ ಮನೆ ಅನ್ನುವುದು ಅವರ ವಾದ. ನನಗೇನೋ ಅವರ ಮಾತಲ್ಲೂ ಹುರುಳಿತ್ತು ಅನ್ನಿಸುತ್ತದೆ. ಆದರೆ ಮಾಸ್ಕೋದ ಗಾಳಿ ಬೇಗ ತಿರುಗಿತು. ಸ್ಟಾಲಿನ್‌ಗೆ ಕಂಬ, ಕಮಾನುಗಳೇ ಇಷ್ಟವಾದವು. 1937ರಲ್ಲಿ ಮಜ್ಮನ್ಯಾನ್, ಕೊಚಾರ್ ಇಬ್ಬರನ್ನೂ ಹಿಡಿದು ಉತ್ತರ ಧ್ರುವವೃತ್ತದ ಒಳಗಿನ ನೊರಿಲ್ಸ್ಕ್‌ಗೆ ಕಳಿಸಿದರು. ಸ್ಟಾಲಿನ್ ಸತ್ತ ಮೇಲೆ ಅವರು ಮರಳಿ ಬಂದು ಯೆರೆವಾನ್‌ನಲ್ಲೇ ಕೆಲಸ ಮಾಡಿದರು. ಸೆವಾನ್ ಸರೋವರದ ದಡದಲ್ಲಿ ಗಾಳಿಯಲ್ಲಿ ತೇಲುವಂತೆ ಕಾಣುವ ಗಾಜಿನ ಭೋಜನಶಾಲೆ ಇದೆ, ಅದು ಕೊಚಾರ್ ಅವರದ್ದು. ಒಬ್ಬನೇ ಮನುಷ್ಯ ಊರು ಕಟ್ಟಿದ ಅನ್ನುವ ಕತೆಯಲ್ಲಿ ಈ ಹೆಸರುಗಳಿಗೆ ಜಾಗ ಸಿಗುವುದೇ ಇಲ್ಲ. ರಿಪಬ್ಲಿಕ್ ಸ್ಕ್ವೇರ್‌ನ್ನೇ ತೆಗೆದುಕೊಳ್ಳಿ. ಸುತ್ತಲಿನ ಬೇರೆ ಕಟ್ಟಡಗಳು ಮಾರ್ಕ್ ಗ್ರಿಗೊರ್ಯಾನ್ ಮತ್ತಿತರರವು, ಕೊನೆಯದು ಮುಗಿದದ್ದು 1970ರ ದಶಕದಲ್ಲಿ. ಐವತ್ತು ವರ್ಷದ ಕೆಲಸ ಅದು.

ಈ ಚೌಕಗಳನ್ನು ಕಟ್ಟಿಸಿದವರಿಗೆ ಬೇಕಿದ್ದದ್ದು ಮೆರವಣಿಗೆ. ಮೇ ದಿನ, ನವೆಂಬರ್ ಕ್ರಾಂತಿಯ ದಿನ, ಕೆಂಪು ಬಾವುಟ, ಲೆನಿನ್ ಪ್ರತಿಮೆ. ಜನ ಬೇರೆಯದಕ್ಕೆ ಬಳಸಿಕೊಂಡರು. 1965ರ ಏಪ್ರಿಲ್ 24, ನರಮೇಧಕ್ಕೆ ಐವತ್ತು ವರ್ಷ. ಸೋವಿಯತ್ ದೇಶದಲ್ಲಿ ಯಾರೂ ಕೇಳದೆ ಬೀದಿಗಿಳಿಯುವುದು ಅಂದರೆ ಸುಮ್ನೆ ಮಾತಲ್ಲ. ಆದರೂ ಸಾವಿರಾರು ಜನ ಲೆನಿನ್ ಚೌಕದಲ್ಲಿ (ಈಗಿನ ರಿಪಬ್ಲಿಕ್ ಸ್ಕ್ವೇರ್), ಅಪೆರಾ ಮುಂದೆ ಸೇರಿ ನಮ್ಮ ಸತ್ತವರಿಗೆ ಸ್ಮಾರಕ ಕಟ್ಟಿ ಅಂದರು. ಎರಡು ವರ್ಷಕ್ಕೆ ತ್ಸಿತ್ಸೆರ್ನಕಬೆರ್ದ್ ಗುಡ್ಡದ ಮೇಲೆ ಸ್ಮಾರಕ ಎದ್ದಿತು. 1988ರ ಫೆಬ್ರವರಿಯಲ್ಲಿ ಅಜರ್ಬೈಜಾನ್ ಕೆಳಗಿದ್ದ ಕರಬಾಖ್ ಅರ್ಮೇನಿಯಕ್ಕೆ ಸೇರಲಿ ಅನ್ನುವ ಚಳವಳಿಗೆ ಅಪೆರಾ ಮುಂದಿನ ಬಯಲಿನಲ್ಲಿ ಲಕ್ಷಗಟ್ಟಲೆ ಜನ. 1991ರಲ್ಲಿ ಲೆನಿನ್ ಕೆಳಗಿಳಿದ. 2018ರಲ್ಲಿ ಇನ್ನೊಂದು ಸರ್ಕಾರ ಬಿತ್ತು, ಆಗಲೂ ಜನ ತುಂಬಿದ್ದು ರಿಪಬ್ಲಿಕ್ ಸ್ಕ್ವೇರ್‌ನಲ್ಲೇ. ನೇರ ರಸ್ತೆ, ಅಗಲ ಬಯಲು ಇದ್ದರೆ ಪೊಲೀಸರಿಗೆ ಅನುಕೂಲ ಅನ್ನುತ್ತಾರೆ. ಯೆರೆವಾನ್‌ನಲ್ಲಿ ಜನಕ್ಕೂ ಅನುಕೂಲವಾಯಿತು. 2008ರ ಮಾರ್ಚ್ 1ರಂದು ಅಪೆರಾ ಮುಂದೆ ಬಿಡಾರ ಹೂಡಿದ್ದವರನ್ನು ಪೊಲೀಸರು ಎಬ್ಬಿಸಿದ್ದು, ಆ ದಿನದ ಗಲಭೆಯಲ್ಲಿ ಹತ್ತು ಜನ ಸತ್ತದ್ದು ಕೂಡ ಅದೇ ಲೆಕ್ಕದಲ್ಲಿ ಸೇರುತ್ತದೆ.

ಈಗ ಉತ್ತರದ ಅವೆನ್ಯೂಗೆ ಬರುತ್ತೇನೆ. ನನಗೆ ಸಿಟ್ಟು ಬಂದದ್ದು ಇಲ್ಲಿ.

1924ರ ನಕ್ಷೆಯಲ್ಲಿ ಇದ್ದ ಈ ರಸ್ತೆ ಸೋವಿಯತ್ ಕಾಲದಲ್ಲಿ ಆಗಲೇ ಇಲ್ಲ. ಆ ಜಾಗದಲ್ಲಿ ಹಳೆ ಮನೆಗಳು, ಅಂಗಳಗಳು, ಹಿಪ್ಪುನೇರಳೆ ಮರಗಳು ಹಾಗೇ ಉಳಿದಿದ್ದವು. 2000ದ ದಶಕದಲ್ಲಿ ರಿಯಲ್ ಎಸ್ಟೇಟ್ ಹಣ ಬಂತು. ತಮಾನ್ಯಾನ್ ಕನಸನ್ನು ನನಸು ಮಾಡುತ್ತೇವೆ ಅಂದರು. ಆ ಮಾತಿಗೆ ಎದುರು ಹೇಳುವುದು ಕಷ್ಟ ಅಲ್ವಾ? ಊರಿನ ಪಿತಾಮಹನ ಕನಸಿಗೆ ಅಡ್ಡ ಬರುವವನು ಯಾರು? ಮನೆಗಳನ್ನು ಸ್ವಾಧೀನ ಮಾಡಿಕೊಂಡರು. ಕೆಲವು ಕಪ್ಪು ಕಲ್ಲಿನ ಮನೆಗಳ ಕಲ್ಲುಗಳಿಗೆ ನಂಬರ್ ಬರೆದು, ಬಿಚ್ಚಿ, ಬೇರೆ ಕಡೆ ಮತ್ತೆ ಜೋಡಿಸುತ್ತೇವೆ ಅಂತ ತೆಗೆದಿಟ್ಟರು. ಪರಿಹಾರ ಸಾಲದು, ಕ್ರಮ ಸರಿಯಿಲ್ಲ ಅಂತ ಜನ ಕೋರ್ಟಿಗೆ ಹೋದರು. ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋಯಿತು. 2009ರಲ್ಲಿ ಆ ನ್ಯಾಯಾಲಯ, ಮನೆ ಕಳೆದುಕೊಂಡವರ ಆಸ್ತಿ ಹಕ್ಕಿಗೆ ಅರ್ಮೇನಿಯ ಧಕ್ಕೆ ಮಾಡಿದೆ ಅಂತ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ರಸ್ತೆ ತೆರೆದು ಒಂದೂವರೆ ವರ್ಷ ಆಗಿತ್ತು.

ಆ ರಸ್ತೆಯಲ್ಲಿ ನಡೆದೆ. ವಾಹನ ಇಲ್ಲ, ನಡೆಯಲು ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಸಂಜೆ ಹಾಡುವವರು, ಐಸ್‌ಕ್ರೀಂ, ಮಕ್ಕಳು. ಆದರೆ ಎರಡೂ ಬದಿ ಎಂಟು ಒಂಬತ್ತು ಅಂತಸ್ತಿನ ಗೋಡೆ. ಕೆಳಗೆ ಬ್ರಾಂಡೆಡ್ ಅಂಗಡಿ, ಮೇಲೆ ದುಬಾರಿ ಫ್ಲ್ಯಾಟು, ರಾತ್ರಿ ಎಷ್ಟೋ ಕಿಟಕಿಗಳಲ್ಲಿ ದೀಪ ಇಲ್ಲ. 1924ರ ಊರು ಎರಡು, ಮೂರು, ನಾಲ್ಕು ಅಂತಸ್ತಿನ ಊರು. ಗೆರೆ ತಮಾನ್ಯಾನ್ ಅವರದ್ದು, ಎತ್ತರ ಬಿಲ್ಡರುಗಳದ್ದು. ನಮ್ಮ ಕೆಲಸದಲ್ಲಿ ಇದು ದಿನಾ ನೋಡುವ ಚಾಲಾಕಿ. ಮೇಲಿನಿಂದ ಕಾಣುವ ಪ್ಲಾನ್ ಅನ್ನು ಹಾಗೇ ಇಟ್ಟು ಎತ್ತರ ತೋರಿಸುವ ಸೆಕ್ಷನ್ ಬದಲಾಯಿಸಿಬಿಡುವುದು. ಮೇಲಿನಿಂದ ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ, ಬೀದಿಯಲ್ಲಿ ನಿಂತವನಿಗೆ ಮಾತ್ರ ಆಕಾಶ ಕಡಿಮೆ.

ಹಾಗಂತ ಅವರ ಹೆಸರಲ್ಲಿ ಆದದ್ದೆಲ್ಲ ಕೆಟ್ಟದ್ದಲ್ಲ. ಕ್ಯಾಸ್ಕೇಡ್ ಇದೆ. ಅಪೆರಾ ಹಿಂದಿನ ಗುಡ್ಡವನ್ನು ಹಸಿರಿನಿಂದ, ನೀರಿನಿಂದ ಕೆಳಗಿನ ಊರಿಗೆ ಜೋಡಿಸಬೇಕು ಅನ್ನುವುದು ತಮಾನ್ಯಾನ್ ಕಾಲದ ಆಸೆ. 1970ರ ದಶಕದಲ್ಲಿ ಜಿಮ್ ತೊರೊಸ್ಯಾನ್ ಅದನ್ನು ಎತ್ತಿಕೊಂಡು ಬಿಳಿ ಕಲ್ಲಿನ ದೈತ್ಯ ಮೆಟ್ಟಿಲು ಮಾಡಿದರು. ಹೊರಗೆ 572 ಮೆಟ್ಟಿಲು, ಒಳಗೆ ಎಸ್ಕಲೇಟರ್. 1988ರ ಭೂಕಂಪ, ಆಮೇಲೆ ಸೋವಿಯತ್ ಕುಸಿತ ಎರಡೂ ಸೇರಿ ಕೆಲಸ ನಿಂತೇ ಹೋಯಿತು. ಅಮೆರಿಕದ ಅರ್ಮೇನಿಯನ್ ಸಿರಿವಂತ ಜೆರಾರ್ಡ್ ಕಾಫೆಸ್ಜಿಯಾನ್ ದುಡ್ಡು ಹಾಕಿದ ಮೇಲೆ 2009ರಲ್ಲಿ ಅಲ್ಲಿ ಕಲಾಕೇಂದ್ರ ತೆರೆಯಿತು. ಬುಡದಲ್ಲಿ ತಮಾನ್ಯಾನ್ ಪ್ರತಿಮೆ ಇದೆ. ಎರಡೂ ಕೈ ಊರಿ, ಬಗ್ಗಿ, ನಕ್ಷೆ ನೋಡುತ್ತಿರುವ ಹಾಗೆ. ಡ್ರಾಯಿಂಗ್ ಟೇಬಲ್ ಮುಂದೆ ಬೆನ್ನು ನೋಯಿಸಿಕೊಂಡವರಿಗೆ ಆ ಭಂಗಿ ತಟ್ಟನೆ ಗುರುತು ಸಿಗುತ್ತದೆ. ಕುದುರೆ ಮೇಲೆ ಕತ್ತಿ ಹಿಡಿದವರ ಪ್ರತಿಮೆ ಎಷ್ಟು ನೋಡಿಲ್ಲ ನಾವು, ಕೆಲಸ ಮಾಡುತ್ತಿರುವವನದ್ದು ಅಪರೂಪ.

ಕೊಂಡ್‌ಗೂ ಹೋಗಿದ್ದೆ. ನಕ್ಷೆ ತಲುಪದ ಆ ಗುಡ್ಡ. ಒಬ್ಬರು ಹೋದರೆ ಇನ್ನೊಬ್ಬರು ಗೋಡೆಗೆ ಒರಗಬೇಕು, ಅಂಥ ಓಣಿಗಳು. ತಗಡಿನ ಮಾಡು, ಮಣ್ಣಿನ ಗೋಡೆ, ಮೇಲೆ ಬಟ್ಟೆ ಒಣಗಿಸುವ ಹಗ್ಗ. ಅಲ್ಲೊಂದು ಹದಿನೇಳನೇ ಶತಮಾನದ ಮಸೀದಿ ಇದೆ, ತಪಾಬಾಶಿ ಅಂತ. 1915ರ ನಂತರ ನಿರಾಶ್ರಿತರು ಅದರೊಳಗೆ ಸೇರಿಕೊಂಡು ಗೋಡೆ ಹಾಕಿ ಮನೆ ಮಾಡಿಕೊಂಡರು, ಸಂಸಾರಗಳು ಅಲ್ಲೇ ತಲೆಮಾರು ಕಳೆದವು. ಪ್ರವಾಸಿಗಳು ಬಂದು ಫೋಟೋ ತೆಗೆಯುತ್ತಾರೆ. ಇದೇ ನಿಜವಾದ ಹಳೆ ಯೆರೆವಾನ್ ಅಂತ ಬರೆದುಕೊಳ್ಳುತ್ತಾರೆ. ಅಲ್ಲಿ ಇರುವವರು ಚರಂಡಿ ಸರಿ ಮಾಡಿ ಅನ್ನುತ್ತಾರೆ. ನೂರು ವರ್ಷದ ಹಿಂದಿನ ಅದೇ ಬೇಡಿಕೆ.

ಇನ್ನೊಂದು ಲೆಕ್ಕ. 1.5 ಲಕ್ಷ ಜನರಿಗೆ ಹಾಕಿದ ಊರಿನಲ್ಲಿ 1970ರ ದಶಕದ ಕೊನೆಗೆ 10 ಲಕ್ಷ ಜನ ಆದರು. 1981ರಲ್ಲಿ ಮೆಟ್ರೊ ಬಂತು. ಈಗ ಸುಮಾರು 11 ಲಕ್ಷ. ಅಂದರೆ ಬಹುತೇಕ ಯೆರೆವಾನ್ ಮಂದಿ ಇರುವುದು ತಮಾನ್ಯಾನ್ ಗೆರೆಯ ಹೊರಗೆ. ಆ ಹೊರಗಿನ ಬಡಾವಣೆಗಳ ಹೆಸರು ಕೇಳಿ. ಅರಬ್ಕಿರ್, ಮಲಾಟಿಯಾ, ಸೆಬಾಸ್ಟಿಯಾ, ಜೈತುನ್. ಎಲ್ಲ ತುರ್ಕಿಯಲ್ಲಿ ಬಿಟ್ಟು ಬಂದ ಊರುಗಳು. ಅರಬ್ಕಿರ್‌ನಿಂದ ಓಡಿ ಬಂದವರು 1925ರಲ್ಲಿ ಒಟ್ಟಿಗೆ ಕೂತು ಹೊಸ ಅರಬ್ಕಿರ್ ಕಟ್ಟಿಕೊಂಡರು. ಮಧ್ಯದ ವೃತ್ತದಲ್ಲಿ ಸರ್ಕಾರ ರಾಜಧಾನಿ ಕಟ್ಟುತ್ತಿದ್ದ ಹೊತ್ತಿಗೇ ಇವರು ಅಂಚಿನಲ್ಲಿ ತಮ್ಮ ಕಳೆದುಹೋದ ಊರುಗಳನ್ನು ಕಟ್ಟುತ್ತಿದ್ದರು. ಯಾವ ಬಹುಮಾನವೂ ಬರಲಿಲ್ಲ ಇದಕ್ಕೆ. ನನ್ನ ಪ್ರಕಾರ ಯೆರೆವಾನ್‌ನ ಅರ್ಧ ನಕ್ಷೆ ಇವರದ್ದು.

ಅಕ್ಕನ ಮಗಳು ಇರುವುದು ಜೈತುನ್‌ನಲ್ಲಿ, ಸೋವಿಯತ್ ಕಾಲದ ಒಂದು ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ. 2022ರಲ್ಲಿ ಉಕ್ರೇನ್ ಯುದ್ಧದ ದೆಸೆಯಿಂದ ರಷ್ಯನ್ನರು ಗುಂಪು ಗುಂಪಾಗಿ ಬಂದಾಗ ಊರೆಲ್ಲ ಬಾಡಿಗೆ ಏರಿತು. ಇವಳ ಮನೆ ಓನರ್ ಅಜ್ಜಿ ಅಷ್ಟೇನೂ ಏರಿಸಲಿಲ್ಲವಂತೆ, ಅದಕ್ಕೇ ಅಲ್ಲೇ ಇದ್ದಾಳೆ. ಅಜ್ಜಿ ಕಾಫಿ ಮಾಡಿಕೊಟ್ಟರು, ಒಣಗಿದ ಏಪ್ರಿಕಾಟ್ ತಟ್ಟೆ ತುಂಬ ಇಟ್ಟರು. 1988ರಲ್ಲಿ ಅಪೆರಾ ಮುಂದೆ ರಾತ್ರಿಯಿಡೀ ನಿಂತಿದ್ದ ಕತೆ ಹೇಳಿದರು, ಹುಡುಗಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ನಾನು ತಮಾನ್ಯಾನ್ ಬಗ್ಗೆ ಏನಾದರೂ ಬರೆಯಬೇಕು ಅಂತಿದ್ದೇನೆ ಅಂದೆ. ಅಜ್ಜಿಯ ಮುಖ ಅರಳಿತು. ದೊಡ್ಡ ಮನುಷ್ಯ, ಬರೀಬೇಕು ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೇನೋ ಜೋರಾಗಿ ಹೇಳಿದರು, ಇವಳು ನಗಲು ಶುರು ಮಾಡಿದಳು.

“ಏನಂತೆ?”

“ಏನಿಲ್ಲ ಮಾಮ. ಲಿಫ್ಟ್ ಕೆಟ್ಟು ಎರಡು ತಿಂಗಳಾಯ್ತು, ಅದನ್ನೂ ಸೇರಿಸಿ ಬರಿಯೋಕೆ ಹೇಳು ಅಂತಿದ್ದಾರೆ.”